ಸ್ಕ್ಯಾನರ್ ಒಳಗೆ ಏನಿದೆ? ಚಾನೆಲ್, ಟಾಕ್‌ಗ್ರೂಪ್, ಟ್ರಂಕಿಂಗ್ ಬಗ್ಗೆ ಮೊದಲಿನಿಂದ

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು. ವಿಷಯ ವಾಕಿಟಾಕಿ. ಅದು ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ, ಕೊಳ್ಳುವವರಿಗೆ ಲೈಸೆನ್ಸ್ ಬೇಕೋ ಬೇಡವೋ ಎನ್ನುವುದನ್ನು ಸರಿಯಾಗಿ ಹೇಳದೆ ಮಾರುತ್ತಿದ್ದಾರೆ ಎಂಬುದು ಆಕ್ಷೇಪ. ಆ ಸುದ್ದಿ ಬಂದ ಮೇಲೆ, ಇಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳದ ಫ್ರೀಕ್ವೆನ್ಸಿ ಎಂಬ ವಿಷಯ ಸಾಮಾನ್ಯ ಜನರಿಗೂ ಮುಖ್ಯವಾಗಿದೆ.

ನಮ್ಮ ತುಮಕೂರನ್ನೇ ನೋಡಿ. ವಸಂತನರಸಾಪುರದ ಕಾರ್ಖಾನೆ ಗೇಟಿನಲ್ಲಿ ವಾಕಿಟಾಕಿ. ಕಲ್ಯಾಣ ಮಂಟಪದ ಪಾರ್ಕಿಂಗ್ ಹುಡುಗರ ಕೈಯಲ್ಲಿ ವಾಕಿಟಾಕಿ. ಇಂಜಿನಿಯರಿಂಗ್ ಓದುವ ಮಕ್ಕಳು ಲ್ಯಾಪ್‌ಟಾಪಿಗೆ ಪುಟ್ಟ ರೇಡಿಯೊ ಡಾಂಗಲ್ ಸಿಕ್ಕಿಸಿ ಗಾಳಿಯಲ್ಲಿ ಏನೇನಿದೆ ಎಂದು ನೋಡುತ್ತಾರೆ. ಇನ್ನು ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಸ್ಕ್ಯಾನರ್, ಅಂದರೆ ಹಲವು ಫ್ರೀಕ್ವೆನ್ಸಿಗಳನ್ನು ಒಂದರ ಹಿಂದೊಂದು ಹುಡುಕಿ ಕೇಳಿಸುವ ರೇಡಿಯೊ, ತಂದಿಟ್ಟ ಮನೆಗಳೂ ಇವೆ. ಅದನ್ನು ಆನ್ ಮಾಡಿದರೆ ಪರದೆಯ ಮೇಲೆ ಸಿಸ್ಟಮ್, ಸೈಟ್, ಡಿಪಾರ್ಟ್‌ಮೆಂಟ್, ಟಾಕ್‌ಗ್ರೂಪ್ ಎಂಬ ಪದಗಳು. ರೇಡಿಯೊ ಅಂದ ಮೇಲೆ ಒಂದು ನಂಬರ್ ತಿರುಗಿಸಿದರೆ ಸಾಕಲ್ವಾ, ಇಷ್ಟೆಲ್ಲ ಯಾಕೆ?

ಕಾರಣ ಸ್ಕ್ಯಾನರಿನಲ್ಲಿಲ್ಲ. ಎಷ್ಟೋ ಇಲಾಖೆ ಮತ್ತು ಸಂಸ್ಥೆಗಳು ರೇಡಿಯೊದಲ್ಲಿ ಮಾತಾಡುವ ವಿಧಾನವೇ ಬದಲಾಗಿದೆ. ಮೊದಲು ಒಂದು ಗುಂಪಿಗೆ ಒಂದು ಫ್ರೀಕ್ವೆನ್ಸಿ ಖಾಯಂ ಆಗಿತ್ತು. ಕೆಲವೇ ಫ್ರೀಕ್ವೆನ್ಸಿಗಳನ್ನು ಎಲ್ಲ ಗುಂಪುಗಳೂ ಹಂಚಿಕೊಳ್ಳುವ ಟ್ರಂಕಿಂಗ್ ವ್ಯವಸ್ಥೆಯಲ್ಲಿ ಯಾರಿಗೂ ಯಾವ ಫ್ರೀಕ್ವೆನ್ಸಿಯೂ ಖಾಯಂ ಅಲ್ಲ. ಹಾಗಾಗಿ ಸ್ಕ್ಯಾನರ್ ಫ್ರೀಕ್ವೆನ್ಸಿಯನ್ನು ಬಿಟ್ಟು ಗುಂಪಿನ ಬೆನ್ನು ಹತ್ತಬೇಕು. ಈ ಒಂದು ಮಾತು ಮನಸ್ಸಿಗೆ ಇಳಿದರೆ ಪರದೆಯ ಮೇಲಿನ ಒಂದೊಂದು ಪದವೂ ಅರ್ಥವಾಗುತ್ತದೆ.

ಫ್ರೀಕ್ವೆನ್ಸಿ, ಚಾನೆಲ್, ರಿಪೀಟರ್

ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕವೇ ಫ್ರೀಕ್ವೆನ್ಸಿ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್. ಅಂದರೆ ಅದರ ಅಲೆ ಒಂದು ಸೆಕೆಂಡಿನಲ್ಲಿ 10 ಕೋಟಿ 13 ಲಕ್ಷ ಸಲ ಏರಿಳಿಯುತ್ತದೆ.

ಒಂದು ಪ್ರಸಾರಕ್ಕೆ ಒಂದು ಸಂಖ್ಯೆ ಸಾಲದು, ಅದರ ಎರಡೂ ಕಡೆ ಸ್ವಲ್ಪ ಜಾಗವೂ ಬೇಕು. ಹಾಡು ಕೇಳಿಸುವ ಎಫ್‌ಎಂ ಸ್ಟೇಷನ್ನಿಗೆ ಸುಮಾರು 200 ಕಿಲೋಹರ್ಟ್ಸ್ ಜಾಗ ಬೇಕು. ವಾಕಿಟಾಕಿಗೆ ಸಂಗೀತದ ಗುಣಮಟ್ಟ ಬೇಡ, ಮಾತು ಅರ್ಥವಾದರೆ ಆಯಿತು. ಅದಕ್ಕೆ 12.5 ಕಿಲೋಹರ್ಟ್ಸ್ ಸಾಕು. ಒಂದು ಎಫ್‌ಎಂ ಸ್ಟೇಷನ್ ಕೂರುವ ಜಾಗದಲ್ಲಿ 16 ವಾಕಿಟಾಕಿ ಚಾನೆಲ್‌ಗಳು ಹಿಡಿಯುತ್ತವೆ.

ಎಫ್‌ಎಂ ಸ್ಟೇಷನ್ ಸುಮಾರಾಗಿ ದಿನವಿಡೀ ಮಾತಾಡುತ್ತಲೇ ಇರುತ್ತದೆ. ವಾಕಿಟಾಕಿ ಹಾಗಲ್ಲ. ಬಟನ್ ಒತ್ತಿದಾಗ ಮಾತು, ಬಿಟ್ಟಾಗ ಮೌನ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಹೆಚ್ಚಿನ ಮಾತುಗಳು ನಾಲ್ಕೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಮುಂದೆ ಬರುವ ಇಡೀ ಕಥೆ ನಿಂತಿರುವುದು ಈ ಮೌನದ ಮೇಲೆ.

ಇನ್ನೊಂದು ಸಮಸ್ಯೆ ದೂರ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಅಲೆಗಳು ಹೆಚ್ಚು ಕಡಿಮೆ ನೇರವಾಗಿ ಸಾಗುತ್ತವೆ. ಕಟ್ಟಡ, ಗುಡ್ಡ ಅಡ್ಡ ಬಂದರೆ ಸೋಲುತ್ತವೆ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ. ದೇವರಾಯನದುರ್ಗದಂಥ ಬೆಟ್ಟದ ತುದಿಯಲ್ಲಿ ಒಂದು ರಿಪೀಟರ್ ಇದೆ ಎಂದುಕೊಳ್ಳಿ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಮರುಪ್ರಸಾರ ಮಾಡುತ್ತದೆ. ಗುಬ್ಬಿ ಕಡೆ ಇರುವವರ ಮಾತು ಕೊರಟಗೆರೆ ಕಡೆ ಇರುವವರಿಗೆ ತಲುಪುವುದು ಹೀಗೆ. ಸ್ಕ್ಯಾನರಿನಲ್ಲಿ ನಾವು ತುಂಬುವುದು ರಿಪೀಟರ್ ಮಾತಾಡುವ ಫ್ರೀಕ್ವೆನ್ಸಿಯನ್ನು. ನಮಗೆ ಜೋರಾಗಿ ಬರುವುದು ಅದೇ.

ಸ್ಕ್ಯಾನರ್ ಮಾಡುವ ಕೆಲಸ

ಸಾಮಾನ್ಯ ರೇಡಿಯೊ ಒಂದು ಕಡೆ ನಿಂತಿರುತ್ತದೆ. ಸ್ಕ್ಯಾನರ್ ನಿಲ್ಲುವುದಿಲ್ಲ. ಅದು ಮೆಮೊರಿಯಲ್ಲಿರುವ ಫ್ರೀಕ್ವೆನ್ಸಿಗಳನ್ನು ಸೆಕೆಂಡಿಗೆ ಹತ್ತಾರರಂತೆ ಮುಟ್ಟಿ ನೋಡುತ್ತಾ ಹೋಗುತ್ತದೆ. ಎಲ್ಲಿ ಸಿಗ್ನಲ್ ಸಿಗುತ್ತದೋ ಅಲ್ಲಿ ನಿಂತು ಕೇಳಿಸುತ್ತದೆ. ಮಾತು ಮುಗಿದ ಮೇಲೆ ಮತ್ತೆ ಹೊರಡುತ್ತದೆ.

"ಸಿಗ್ನಲ್ ಇದೆ" ಎಂದು ಅದಕ್ಕೆ ತಿಳಿಸುವುದು ಸ್ಕ್ವೆಲ್ಚ್. ಯಾರೂ ಮಾತಾಡದಾಗ ರೇಡಿಯೊದಲ್ಲಿ ಬರುವ ಸೊಂಯ್ ಎಂಬ ಸದ್ದನ್ನು ಮುಚ್ಚಿಡುವ ಬಾಗಿಲು ಅದು. ಅದನ್ನು ತೀರಾ ಸಡಿಲ ಬಿಟ್ಟರೆ ಸ್ಕ್ಯಾನರ್ ಸದ್ದಿಗೇ ನಿಂತುಬಿಡುತ್ತದೆ. ತೀರಾ ಬಿಗಿ ಮಾಡಿದರೆ ದೂರದ ಮಾತು ಕೇಳುವುದೇ ಇಲ್ಲ. ಹೊಸಬರು "ಸ್ಕ್ಯಾನರ್ ಕೆಟ್ಟಿದೆ" ಎನ್ನುವಾಗ ಮೊದಲು ನೋಡಬೇಕಾದ ಗುಂಡಿ ಇದು.

ಇದರ ಜೊತೆ ಇನ್ನು ಮೂರು ಪದಗಳು ಸಾಕು. ಡಿಲೇ ಅಂದರೆ ಮಾತು ನಿಂತ ಮೇಲೂ ಉತ್ತರಕ್ಕಾಗಿ ಒಂದೆರಡು ಸೆಕೆಂಡ್ ಅಲ್ಲೇ ಕಾಯುವುದು. ಲಾಕ್‌ಔಟ್ ಅಂದರೆ ಬೇಡದ ಚಾನೆಲ್ಲನ್ನು ಬಿಟ್ಟು ಮುಂದೆ ಹೋಗುವುದು. ಪ್ರಯಾರಿಟಿ ಅಂದರೆ ಬೇರೆ ಏನು ಕೇಳುತ್ತಿದ್ದರೂ ಮುಖ್ಯವಾದ ಒಂದು ಚಾನೆಲ್ ಕಡೆ ಆಗಾಗ ಹೋಗಿ ನೋಡಿ ಬರುವುದು.

ಒಂದೇ ಫ್ರೀಕ್ವೆನ್ಸಿಯನ್ನು ಹಲವರು ಹಂಚಿಕೊಂಡಿದ್ದರೆ ಮಾತಿನ ಅಡಿಯಲ್ಲಿ ಒಂದು ಸಣ್ಣ ಸ್ವರವನ್ನೂ ಕಳಿಸುತ್ತಾರೆ. ಈ ಸ್ವರಗಳು ಸಾಮಾನ್ಯವಾಗಿ 67 ಹರ್ಟ್ಸ್‌ನಿಂದ 254.1 ಹರ್ಟ್ಸ್‌ವರೆಗೆ ಇರುತ್ತವೆ. ರೇಡಿಯೊ ಆ ಸ್ವರವನ್ನು ಸೋಸಿಬಿಡುವುದರಿಂದ ನಮಗೆ ಕೇಳಿಸುವುದಿಲ್ಲ. ಆದರೆ ತನ್ನ ಸ್ವರ ಬಂದರೆ ಮಾತ್ರ ಅದು ಸ್ಪೀಕರ್ ತೆರೆಯುತ್ತದೆ. ಇದಕ್ಕೆ ಪ್ರೈವೆಸಿ ಟೋನ್ ಎಂದು ಹೆಸರಿಟ್ಟು ಮಾರುವವರಿದ್ದಾರೆ, ನಂಬಬೇಡಿ. ಸ್ವರದ ಸೆಟ್ಟಿಂಗ್ ತೆಗೆದಿಟ್ಟ ಯಾವ ರೇಡಿಯೊಗಾದರೂ ಆ ಮಾತು ಪೂರ್ತಿ ಕೇಳುತ್ತದೆ.

ಹಳೆಯ ಮೆಮೊರಿ: ಬ್ಯಾಂಕುಗಳು

ಮೊದಮೊದಲ ಸ್ಕ್ಯಾನರ್‌ಗಳಲ್ಲಿ ಪ್ರತಿ ಚಾನೆಲ್ಲಿಗೂ ಒಂದು ಕ್ರಿಸ್ಟಲ್ ತುಣುಕು ಹಾಕಬೇಕಿತ್ತು. ಚಾನೆಲ್ ಬದಲಿಸಬೇಕೆಂದರೆ ಕ್ರಿಸ್ಟಲ್ ಬದಲಿಸಬೇಕು. ಆಮೇಲೆ ಕೀಪ್ಯಾಡ್ ಬಂತು, ಮೆಮೊರಿ ಬಂತು. ಆ ಮೆಮೊರಿಯನ್ನು ಬ್ಯಾಂಕುಗಳಾಗಿ ಹಂಚಿದರು. 200 ಚಾನೆಲ್ಲಿನ ಸ್ಕ್ಯಾನರ್ ಆದರೆ 10 ಬ್ಯಾಂಕು, ಒಂದೊಂದರಲ್ಲಿ 20 ಚಾನೆಲ್. ವಿಮಾನದವರ ಮಾತು ಒಂದು ಬ್ಯಾಂಕಿನಲ್ಲಿ, ಹ್ಯಾಮ್‌ಗಳದ್ದು (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರದ್ದು) ಇನ್ನೊಂದರಲ್ಲಿ. ಬೇಕಾದ ಬ್ಯಾಂಕನ್ನು ಆನ್ ಮಾಡಿ, ಬೇಡದ್ದನ್ನು ಆಫ್ ಮಾಡಿದರೆ ಆಯಿತು.

ಸರಳವಾದ ವ್ಯವಸ್ಥೆ, ನಿಜ. ಆದರೆ ಅಳತೆ ಮೊದಲೇ ಗೊತ್ತುಮಾಡಿದ್ದು. ಒಂದು ಬ್ಯಾಂಕಿನಲ್ಲಿ ಮೂರೇ ಚಾನೆಲ್ ಇದ್ದರೆ ಉಳಿದ 17 ಜಾಗ ಸುಮ್ನೆ ಖಾಲಿ. ಇನ್ನೊಂದಕ್ಕೆ 25 ಬೇಕಾದರೆ ಎರಡು ಬ್ಯಾಂಕಿಗೆ ಹರಡಬೇಕು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಆ ಮೆಮೊರಿಗೆ ಗೊತ್ತಿದ್ದದ್ದು ಫ್ರೀಕ್ವೆನ್ಸಿ ಮಾತ್ರ. ಯಾರು ಮಾತಾಡುತ್ತಿದ್ದಾರೆ ಎಂಬುದನ್ನು ಅದು ಫ್ರೀಕ್ವೆನ್ಸಿಯಿಂದಲೇ ಊಹಿಸುತ್ತಿತ್ತು. ಟ್ರಂಕಿಂಗ್ ಬಂದ ದಿನ ಆ ಊಹೆ ಮುರಿದುಬಿತ್ತು.

ಟ್ರಂಕಿಂಗ್ ಯಾಕೆ ಬೇಕಾಯಿತು?

ಒಂದು ಲೆಕ್ಕ ಮಾಡೋಣ. ಒಂದು ದೊಡ್ಡ ಸಂಸ್ಥೆಯಲ್ಲಿ 10 ವಿಭಾಗಗಳಿವೆ. ಪ್ರತಿ ವಿಭಾಗವೂ ಗಂಟೆಯಲ್ಲಿ ಒಟ್ಟು 6 ನಿಮಿಷ ರೇಡಿಯೊದಲ್ಲಿ ಮಾತಾಡುತ್ತದೆ. ಹಳೆಯ ಪದ್ಧತಿಯಲ್ಲಿ 10 ಫ್ರೀಕ್ವೆನ್ಸಿ ಕೊಡಬೇಕು. ಒಂದೊಂದೂ ಗಂಟೆಯಲ್ಲಿ 54 ನಿಮಿಷ ಖಾಲಿ ಬಿದ್ದಿರುತ್ತದೆ.

ಇವರು ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಮಾತಾಡುತ್ತಾರೆ ಎಂದಿಟ್ಟುಕೊಳ್ಳಿ. ಯಾವುದೋ ಒಂದು ಕ್ಷಣದಲ್ಲಿ ನೋಡಿದರೆ ಸರಾಸರಿ ಒಂದು ವಿಭಾಗ ಮಾತ್ರ ಮಾತಾಡುತ್ತಿರುತ್ತದೆ. ಯಾರೂ ಮಾತಾಡದೆ ಇರುವ ಸಂಭವ ನೂರಕ್ಕೆ 35ರಷ್ಟು. 5 ಅಥವಾ ಅದಕ್ಕಿಂತ ಜಾಸ್ತಿ ವಿಭಾಗಗಳು ಒಟ್ಟಿಗೆ ಬಟನ್ ಒತ್ತುವ ಸಂಭವ ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆ. ಅಂದರೆ ಎಲ್ಲರಿಗೂ ಸೇರಿ ಮಾತಿಗೆ 4 ಫ್ರೀಕ್ವೆನ್ಸಿ ಇದ್ದರೆ ಹೆಚ್ಚು ಕಡಿಮೆ ಯಾವತ್ತೂ ಯಾರೂ ಕಾಯಬೇಕಿಲ್ಲ. ಯಾರಿಗೆ ಯಾವುದು ಎಂದು ಹಂಚಲು ಇನ್ನೊಂದು ಫ್ರೀಕ್ವೆನ್ಸಿ ಸೇರಿಸಿ. ಒಟ್ಟು 5. ಹತ್ತರ ಕೆಲಸ ಐದರಲ್ಲಿ ಮುಗಿಯಿತು.

ಇದು ರೇಡಿಯೊದವರು ಕಂಡುಹಿಡಿದ ಲೆಕ್ಕವಲ್ಲ. ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದಾಗ, 1909ರಲ್ಲೇ, ಫೋನ್ ಕರೆಗಳ ಸಂಭವದ ಬಗ್ಗೆ ಬರೆದರು. ಊರಿನಲ್ಲಿ ಇಷ್ಟು ಫೋನುಗಳಿದ್ದರೆ ಎಕ್ಸ್‌ಚೇಂಜಿನ ನಡುವೆ ಎಷ್ಟು ತಂತಿ ಎಳೆದರೆ ಸಾಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಈಗಲೂ ದೂರಸಂಪರ್ಕದ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವರ ಹೆಸರೇ ಇದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ, ಅದನ್ನು ಹೇಳದೆ ಬಿಡಬಾರದು. ಬೆಂಕಿ ಅನಾಹುತವೋ ಕಾಲ್ತುಳಿತವೋ ಆದಾಗ ಎಲ್ಲ ವಿಭಾಗಗಳೂ ಒಂದೇ ಸಲ ಮಾತಾಡುತ್ತವೆ. ಆಗ "ಸಂಬಂಧವಿಲ್ಲದೆ" ಎಂಬ ಮಾತು ಸುಳ್ಳಾಗುತ್ತದೆ. ಅದಕ್ಕಾಗಿ ಟ್ರಂಕಿಂಗ್ ವ್ಯವಸ್ಥೆಗಳಲ್ಲಿ ಸರದಿ ಇರುತ್ತದೆ, ಯಾರಿಗೆ ಮೊದಲು ಎಂಬ ಆದ್ಯತೆ ಇರುತ್ತದೆ, ಎಲ್ಲರನ್ನೂ ದಾಟಿ ಹೋಗುವ ಎಮರ್ಜೆನ್ಸಿ ಬಟನ್ ಇರುತ್ತದೆ.

ಒಂದು ಕರೆ ಸಾಗುವ ದಾರಿ

ಒಂದು ದೊಡ್ಡ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಪಾವಗಡಕ್ಕೆ ಒಂದು ಪ್ಲಾಟ್‌ಫಾರಂ, ಮಧುಗಿರಿಗೆ ಒಂದು, ಕುಣಿಗಲ್‌ಗೆ ಒಂದು ಎಂದು ಬೋರ್ಡ್ ಹಾಕಿದ್ದರೆ ಅದು ಹಳೆಯ ಪದ್ಧತಿ. ಕುಣಿಗಲ್ ಬಸ್ ಇಲ್ಲದ ಹೊತ್ತಿನಲ್ಲೂ ಆ ಪ್ಲಾಟ್‌ಫಾರಂ ಖಾಲಿ ನಿಂತಿರುತ್ತದೆ. ಈಗ ಬೋರ್ಡುಗಳನ್ನೆಲ್ಲ ತೆಗೆದುಹಾಕಿ. ಬಂದ ಬಸ್ಸು ಖಾಲಿ ಇರುವ ಕಡೆ ನಿಲ್ಲುತ್ತದೆ. ಮೈಕಿನಲ್ಲಿ "ಪಾವಗಡದ ಬಸ್ಸು ನಾಲ್ಕನೇ ಪ್ಲಾಟ್‌ಫಾರಂ" ಎಂದು ಕೂಗುತ್ತಾರೆ. ಪಾವಗಡಕ್ಕೆ ಹೋಗುವವರೆಲ್ಲ ಅಲ್ಲಿಗೆ ಹೋಗುತ್ತಾರೆ. ಮುಂದಿನ ಪಾವಗಡದ ಬಸ್ಸು ಒಂದನೇ ಪ್ಲಾಟ್‌ಫಾರಮ್ಮಿಗೆ ಬರಬಹುದು, ಪರವಾಗಿಲ್ಲ. ಮೈಕಿಗೆ ಕಿವಿ ಕೊಟ್ಟಿದ್ದರೆ ಬಸ್ಸು ತಪ್ಪುವುದಿಲ್ಲ.

ಇಲ್ಲಿ ಪ್ಲಾಟ್‌ಫಾರಂ ಅಂದರೆ ಫ್ರೀಕ್ವೆನ್ಸಿ. ಮೈಕ್ ಅಂದರೆ ಕಂಟ್ರೋಲ್ ಚಾನೆಲ್. "ಪಾವಗಡ" ಎಂಬ ಹೆಸರೇ ಟಾಕ್‌ಗ್ರೂಪ್.

ಈಗ ರೇಡಿಯೊಗೆ ಬನ್ನಿ. ಟ್ರಂಕಿಂಗ್ ವ್ಯವಸ್ಥೆಯ ವಾಕಿಟಾಕಿಗಳೆಲ್ಲ ಸುಮ್ಮನಿರುವಾಗ ಕಂಟ್ರೋಲ್ ಚಾನೆಲ್ಲನ್ನೇ ಕೇಳುತ್ತಿರುತ್ತವೆ. ಸೆಕ್ಯುರಿಟಿ ವಿಭಾಗದವರು ಬಟನ್ ಒತ್ತಿದರು. ಅವರ ವಾಕಿಟಾಕಿ ಮೊದಲು ಮಾತನ್ನು ಕಳಿಸುವುದಿಲ್ಲ. ಕಂಟ್ರೋಲ್ ಚಾನೆಲ್ಲಿನಲ್ಲಿ ಒಂದು ಪುಟ್ಟ ಡೇಟಾ ಸಂದೇಶ ಕಳಿಸುತ್ತದೆ: ನಾನು ಇಂಥ ರೇಡಿಯೊ, ಇಂಥ ಟಾಕ್‌ಗ್ರೂಪಿಗೆ ಮಾತಾಡಬೇಕು. ವ್ಯವಸ್ಥೆಯ ಕಂಪ್ಯೂಟರ್ ಖಾಲಿ ಇರುವ ಫ್ರೀಕ್ವೆನ್ಸಿ ಹುಡುಕಿ, ಆ ಟಾಕ್‌ಗ್ರೂಪಿನವರೆಲ್ಲ ಅಲ್ಲಿಗೆ ಬನ್ನಿ ಎಂದು ಸಾರುತ್ತದೆ. ಆ ಗುಂಪಿನ ರೇಡಿಯೊಗಳೆಲ್ಲ ಅಲ್ಲಿಗೆ ಜಿಗಿಯುತ್ತವೆ. ಒಂದು ಸಣ್ಣ ಬೀಪ್ ಬರುತ್ತದೆ, ಆಮೇಲೆ ಮಾತು. ಎಲ್ಲ ಸರಿಯಿದ್ದರೆ ಇಷ್ಟಕ್ಕೂ ಬೇಕಾದದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. ಎಲ್ಲ ಫ್ರೀಕ್ವೆನ್ಸಿಗಳೂ ತುಂಬಿದ್ದರೆ ಬ್ಯುಸಿ ಸದ್ದು ಬಂದು ಕರೆ ಸರದಿಗೆ ಸೇರುತ್ತದೆ.

ಮಾತು ಮುಗಿದಾಗ ಎಲ್ಲರೂ ಕಂಟ್ರೋಲ್ ಚಾನೆಲ್ಲಿಗೆ ವಾಪಸ್. ಅದಕ್ಕೆ ಉತ್ತರ ಹೇಳುವವರಿಗೆ ಸಿಗುವುದು ಬೇರೆಯದೇ ಫ್ರೀಕ್ವೆನ್ಸಿ ಇರಬಹುದು. ಪ್ರಶ್ನೆ ಎರಡರಲ್ಲಿ, ಉತ್ತರ ನಾಲ್ಕರಲ್ಲಿ, ಮರುಪ್ರಶ್ನೆ ಒಂದರಲ್ಲಿ. ಕೆಲವು ವ್ಯವಸ್ಥೆಗಳು ಸಂಭಾಷಣೆ ಮುಗಿಯುವವರೆಗೆ ಒಂದೆರಡು ಸೆಕೆಂಡ್ ಅದೇ ಫ್ರೀಕ್ವೆನ್ಸಿಯನ್ನು ಹಿಡಿದಿಡುತ್ತವೆ. ಎಲ್ಲವೂ ಹಾಗೆ ಮಾಡುವುದಿಲ್ಲ.

ಹಳೆಯ ಸ್ಕ್ಯಾನರ್ ಇಂಥ ಕಡೆ ಯಾಕೆ ಸೋಲುತ್ತದೆ ಎಂಬುದು ಈಗ ಸ್ಪಷ್ಟ. ಅದು ಮೈಕ್ ಕೇಳದೆ ಪ್ಲಾಟ್‌ಫಾರಂ ಸುತ್ತುವ ಪ್ರಯಾಣಿಕ. ಸೆಕ್ಯುರಿಟಿಯವರ ಪ್ರಶ್ನೆಗೆ ನಿಲ್ಲುತ್ತದೆ. ಅದರ ಬೆನ್ನಿಗೇ ಅದೇ ಫ್ರೀಕ್ವೆನ್ಸಿಯಲ್ಲಿ ಕ್ಯಾಂಟೀನಿನವರು ಅನ್ನ ಎಷ್ಟು ಬೇಕು ಎಂದು ಕೇಳುತ್ತಾರೆ. ಎಲ್ಲ ಮಾತಿನ ಚೂರುಗಳೂ ಸಿಗುತ್ತವೆ, ಒಂದು ಮಾತೂ ಪೂರ್ತಿಯಾಗುವುದಿಲ್ಲ. ಕಂಟ್ರೋಲ್ ಚಾನೆಲ್ ಮೇಲೆ ನಿಂತರಂತೂ ಬಿಡದೆ ಬರುವ ಕರಕರ ಸದ್ದು ಮಾತ್ರ. ಟ್ರಂಕಿಂಗ್ ಸ್ಕ್ಯಾನರಿಗೆ ಆ ಕರಕರ ಸದ್ದೇ ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ. ಅದು ಆ ಡೇಟಾವನ್ನು ಓದುತ್ತದೆ, ನಮಗೆ ಬೇಕಾದ ಟಾಕ್‌ಗ್ರೂಪಿನ ಸಂಖ್ಯೆ ಬಂದ ಕೂಡಲೇ ಅದರ ಜೊತೆ ಜಿಗಿಯುತ್ತದೆ.

ಹೊಸ ಮೆಮೊರಿ: ಸಿಸ್ಟಮ್, ಸೈಟ್, ಡಿಪಾರ್ಟ್‌ಮೆಂಟ್

ಗುಂಪಿನ ಬೆನ್ನು ಹತ್ತಬೇಕಾದರೆ ಸ್ಕ್ಯಾನರಿಗೆ ಎರಡು ಬಗೆಯ ಮಾಹಿತಿ ಬೇಕು. ಎಲ್ಲಿ ಕೇಳಬೇಕು ಎಂಬುದು ಒಂದು. ಯಾರನ್ನು ಕೇಳಬೇಕು ಎಂಬುದು ಇನ್ನೊಂದು. ಬ್ಯಾಂಕುಗಳಲ್ಲಿ ಈ ಎರಡೂ ಕಲಸಿಹೋಗಿದ್ದವು. ಹೊಸ ಸ್ಕ್ಯಾನರ್‌ಗಳು ಇವನ್ನು ಬೇರೆ ಬೇರೆ ಮಾಡಿವೆ.

ಒಂದು ಕಲ್ಪನೆಯ ಉದಾಹರಣೆ ತೆಗೆದುಕೊಳ್ಳೋಣ. ತುಮಕೂರು ಜಿಲ್ಲೆಯಲ್ಲಿ ಒಂದು ದೊಡ್ಡ ಸಂಸ್ಥೆ ಟ್ರಂಕಿಂಗ್ ವ್ಯವಸ್ಥೆ ಹಾಕಿದೆ. ಇಡೀ ಜಾಲಕ್ಕೆ ಸಿಸ್ಟಮ್ ಎನ್ನುತ್ತಾರೆ. ಜಿಲ್ಲೆ ದೊಡ್ಡದು, ಒಂದು ಗೋಪುರ ಸಾಲುವುದಿಲ್ಲ. ತುಮಕೂರಿನಲ್ಲಿ ಒಂದು, ಮಧುಗಿರಿಯಲ್ಲಿ ಒಂದು, ಪಾವಗಡದಲ್ಲಿ ಒಂದು ಗೋಪುರ. ಇವು ಮೂರು ಸೈಟುಗಳು. ಪ್ರತಿ ಸೈಟಿಗೂ ತನ್ನದೇ ಕಂಟ್ರೋಲ್ ಚಾನೆಲ್, ತನ್ನದೇ ಫ್ರೀಕ್ವೆನ್ಸಿಗಳು. "ಎಲ್ಲಿ ಕೇಳಬೇಕು" ಎಂಬ ಭಾಗ ಇಲ್ಲಿಗೆ ಮುಗಿಯಿತು.

"ಯಾರನ್ನು ಕೇಳಬೇಕು" ಎಂಬುದಕ್ಕೆ ಟಾಕ್‌ಗ್ರೂಪುಗಳು. ಸೆಕ್ಯುರಿಟಿ ಒಂದು ಸಂಖ್ಯೆ, ಸಾರಿಗೆ ಒಂದು, ದುರಸ್ತಿ ಒಂದು. ಈ ಸಂಖ್ಯೆಗಳು ಮೂರೂ ಸೈಟುಗಳಲ್ಲಿ ಒಂದೇ. ಪಾವಗಡದಲ್ಲಿ ಕೂತು ಕೇಳಿದರೂ ಸೆಕ್ಯುರಿಟಿಯ ಸಂಖ್ಯೆ ಬದಲಾಗುವುದಿಲ್ಲ, ಫ್ರೀಕ್ವೆನ್ಸಿ ಮಾತ್ರ ಬದಲಾಗುತ್ತದೆ. ಸಂಬಂಧಪಟ್ಟ ಟಾಕ್‌ಗ್ರೂಪುಗಳನ್ನು ಒಟ್ಟಿಗೆ ಇಡಲು ಇರುವುದೇ ಡಿಪಾರ್ಟ್‌ಮೆಂಟ್, ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆ ಗ್ರೂಪ್ ಎನ್ನುತ್ತಾರೆ. ಇದು ನಮ್ಮ ಅನುಕೂಲಕ್ಕೆ ಮಾತ್ರ, ಗಾಳಿಯಲ್ಲಿ ಹೋಗುವ ಸಿಗ್ನಲ್ಲಿಗೆ ಇದರ ಸುಳಿವೂ ಇಲ್ಲ. ಇವೆಲ್ಲದರ ಮೇಲೆ ಫೇವರಿಟ್ಸ್ ಲಿಸ್ಟ್. "ಊರಿನಲ್ಲಿದ್ದಾಗ" ಒಂದು, "ಪ್ರಯಾಣದಲ್ಲಿ" ಒಂದು ಎಂದು ನಮಗೆ ಬೇಕಾದಂತೆ ಮಾಡಿಟ್ಟುಕೊಳ್ಳಬಹುದು.

ಈ ಮೆನುವಿನಲ್ಲಿ ಚಾನೆಲ್ ಎಂದು ಬರೆದ ಕಡೆ ಹುಷಾರಾಗಿರಬೇಕು. ಹಳೆಯ ಮಾದರಿಯ ವ್ಯವಸ್ಥೆಯಲ್ಲಿ ಆ ಜಾಗದಲ್ಲಿ ಫ್ರೀಕ್ವೆನ್ಸಿ ಇರುತ್ತದೆ. ಟ್ರಂಕಿಂಗ್ ವ್ಯವಸ್ಥೆಯಲ್ಲಿ ಅದೇ ಜಾಗದಲ್ಲಿ ಟಾಕ್‌ಗ್ರೂಪಿನ ಸಂಖ್ಯೆ ಇರುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಟಾಕ್‌ಗ್ರೂಪ್ ಕೇಳುವ ಕಡೆ ಮೆಗಾಹರ್ಟ್ಸ್ ತುಂಬಿ, ಏನೂ ಕೇಳುತ್ತಿಲ್ಲ ಎಂದು ಕೂತಿರುತ್ತಾರೆ.

ಟಾಕ್‌ಗ್ರೂಪಿನ ಸಂಖ್ಯೆ ಗೊತ್ತೇ ಇಲ್ಲದಿದ್ದರೆ? ಅದಕ್ಕೆ ಐಡಿ ಸರ್ಚ್ ಇದೆ. ಆ ಸೈಟಿನಲ್ಲಿ ಯಾರು ಮಾತಾಡಿದರೂ ಸ್ಕ್ಯಾನರ್ ನಿಂತು, ಅವರ ಸಂಖ್ಯೆಯನ್ನು ತೋರಿಸುತ್ತದೆ. ಅಮೆರಿಕದಲ್ಲಿ ಈ ಕಷ್ಟವೂ ಕಡಿಮೆ. ಯುನಿಡೆನ್ ಕಂಪನಿ 2010ರಲ್ಲಿ ತಂದ ಹೋಮ್‌ಪಟ್ರೋಲ್ ಎಂಬ ಸ್ಕ್ಯಾನರಿನಲ್ಲಿ ಅಂಚೆಯ ಪಿನ್ ಕೋಡಿನಂಥ ಸಂಖ್ಯೆ ಒತ್ತಿದರೆ ಸಾಕು, ಆ ಊರಿನ ಪಟ್ಟಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಪಟ್ಟಿ ಅಮೆರಿಕ ಮತ್ತು ಕೆನಡಾದ ಊರುಗಳಿಗೆ ಮಾಡಿದ್ದು. ತುಮಕೂರಿನ 572101 ಒತ್ತಿದರೆ ಪ್ರಯೋಜನವಿಲ್ಲ.

ಎಲ್ಲ ಟ್ರಂಕಿಂಗ್ ಒಂದೇ ಅಲ್ಲ

ಕಂಟ್ರೋಲ್ ಚಾನೆಲ್ "ಮೂರನೆಯದಕ್ಕೆ ಹೋಗಿ" ಎಂದು ಹೇಳಿತು ಎಂದುಕೊಳ್ಳಿ. ಮೂರನೆಯದು ಅಂದರೆ ಎಷ್ಟು ಮೆಗಾಹರ್ಟ್ಸ್? ಇದಕ್ಕೆ ಒಂದೊಂದು ವ್ಯವಸ್ಥೆ ಒಂದೊಂದು ಉತ್ತರ ಕಂಡುಕೊಂಡಿದೆ. ಸ್ಕ್ಯಾನರಿನಲ್ಲಿ ನಾವು ಏನು ತುಂಬಬೇಕು ಎಂಬುದು ಅದರ ಮೇಲೇ ನಿಂತಿದೆ.

ಮೊಟೊರೊಲಾದ ಹಳೆಯ ವ್ಯವಸ್ಥೆ 800 ಮೆಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡ್‌ನಲ್ಲಿ) ಒಂದು ಗೊತ್ತಾದ ಕೋಷ್ಟಕವನ್ನು ಅನುಸರಿಸುತ್ತದೆ. ಸ್ಕ್ಯಾನರಿಗೆ ಆ ಕೋಷ್ಟಕ ಗೊತ್ತಿರುವುದರಿಂದ ಕಂಟ್ರೋಲ್ ಚಾನೆಲ್ ಒಂದನ್ನು ಕೊಟ್ಟರೂ ಕೆಲಸ ನಡೆಯುತ್ತದೆ. ಇಡ್ಯಾಕ್ಸ್ ಎಂಬ ವ್ಯವಸ್ಥೆಯಲ್ಲಿ ಹಾಗಲ್ಲ. ಅದು ಬರೀ ಕ್ರಮಸಂಖ್ಯೆ ಹೇಳುತ್ತದೆ. ಫ್ರೀಕ್ವೆನ್ಸಿಗಳನ್ನು ಸರಿಯಾದ ಕ್ರಮದಲ್ಲೇ ತುಂಬಿರಬೇಕು, ಒಂದು ಹಿಂದೆ ಮುಂದೆ ಆದರೆ ಸ್ಕ್ಯಾನರ್ ತಪ್ಪು ಜಾಗಕ್ಕೆ ಜಿಗಿಯುತ್ತದೆ. ಎಲ್‌ಟಿಆರ್ ಎಂಬುದರಲ್ಲಿ ಪ್ರತ್ಯೇಕ ಕಂಟ್ರೋಲ್ ಚಾನೆಲ್ಲೇ ಇಲ್ಲ. ಪ್ರತಿ ರಿಪೀಟರೂ ಮಾತಿನ ಅಡಿಯಲ್ಲಿ, ಕಿವಿಗೆ ಬೀಳದಂತೆ, ನಿಧಾನವಾಗಿ ಈ ಮಾಹಿತಿಯನ್ನು ಕಳಿಸುತ್ತಿರುತ್ತದೆ. ಅಲ್ಲೂ ಕ್ರಮ ತಪ್ಪುವಂತಿಲ್ಲ.

ಪಿ25 ಈ ತೊಂದರೆಯನ್ನೇ ತೆಗೆದುಹಾಕಿತು. ಇದು ಅಮೆರಿಕದ ಪೊಲೀಸ್, ಅಗ್ನಿಶಾಮಕ ದಳದಂಥ ಸೇವೆಗಳಿಗಾಗಿ 1989ರಲ್ಲಿ ಶುರುವಾದ ಡಿಜಿಟಲ್ ಮಾನದಂಡ. ಇದರ ಕಂಟ್ರೋಲ್ ಚಾನೆಲ್ ಫ್ರೀಕ್ವೆನ್ಸಿಗಳ ಲೆಕ್ಕವನ್ನೂ ತಾನೇ ಆಗಾಗ ಸಾರುತ್ತಿರುತ್ತದೆ. ಕಂಟ್ರೋಲ್ ಚಾನೆಲ್ ಸಿಕ್ಕಿದರೆ ಉಳಿದದ್ದನ್ನು ಸ್ಕ್ಯಾನರ್ ಗಾಳಿಯಿಂದಲೇ ಕಲಿತುಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಜಾಸ್ತಿ ಕೇಳಿಬರುವ ಹೆಸರುಗಳು ಡಿಎಂಆರ್ ಮತ್ತು ಟೆಟ್ರಾ. ಎರಡೂ ಯುರೋಪಿನ ಮಾನದಂಡಗಳು. ಡಿಎಂಆರ್ ಒಂದೇ 12.5 ಕಿಲೋಹರ್ಟ್ಸ್ ಜಾಗದಲ್ಲಿ ಎರಡು ಮಾತುಗಳನ್ನು ಸಾಗಿಸುತ್ತದೆ. ಮೊದಲ 30 ಮಿಲಿಸೆಕೆಂಡ್ ಒಬ್ಬರದು, ಮುಂದಿನ 30 ಮಿಲಿಸೆಕೆಂಡ್ ಇನ್ನೊಬ್ಬರದು, ಮತ್ತೆ ಮೊದಲಿನವರದು. ಈ ಸರದಿಗೆ ಟೈಮ್ ಸ್ಲಾಟ್ ಎನ್ನುತ್ತಾರೆ. ಮಾತು ಡಿಜಿಟಲ್ ಆಗಿ ಕುಗ್ಗಿರುವುದರಿಂದ ಅರ್ಧ ಹೊತ್ತಿನಲ್ಲೇ ಪೂರ್ತಿ ಮಾತು ಹೋಗುತ್ತದೆ, ಕೇಳುವವರಿಗೆ ತುಂಡು ಗೊತ್ತಾಗುವುದಿಲ್ಲ. ಟೆಟ್ರಾದಲ್ಲಿ 25 ಕಿಲೋಹರ್ಟ್ಸ್‌ಗೆ ನಾಲ್ಕು ಸ್ಲಾಟ್. ದೆಹಲಿ ಮೆಟ್ರೋ ಬಳಸುವುದು ಟೆಟ್ರಾ.

ಡಿಎಂಆರ್ ಅಂದ ತಕ್ಷಣ ಟ್ರಂಕಿಂಗ್ ಎಂದುಕೊಳ್ಳಬೇಡಿ. ಅದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಲೈಸೆನ್ಸ್ ಬೇಡದ ಸಣ್ಣ ಬಳಕೆಗೆ, ಎರಡನೆಯದು ಲೈಸೆನ್ಸ್ ಇರುವ ಮಾಮೂಲಿ ಬಳಕೆಗೆ. ಕಂಟ್ರೋಲ್ ಚಾನೆಲ್ ಇರುವ ಟ್ರಂಕಿಂಗ್ ಬರುವುದು ಮೂರನೆಯದರಲ್ಲಿ. ಟಾಕ್‌ಗ್ರೂಪ್ ಮಾತ್ರ ಎರಡನೆಯದರಲ್ಲೂ ಇದೆ. ಟಾಕ್‌ಗ್ರೂಪ್ ಇದ್ದ ಮಾತ್ರಕ್ಕೆ ಟ್ರಂಕಿಂಗ್ ಅಲ್ಲ.

ಎಲ್ಲ ಸರಿಯಿದ್ದರೂ ಮೌನ

ಮೆಮೊರಿ ಸರಿಯಾಗಿ ತುಂಬಿ, ಕಂಟ್ರೋಲ್ ಚಾನೆಲ್ ಸ್ಪಷ್ಟವಾಗಿ ಬರುತ್ತಿದ್ದರೂ ಕೆಲವು ಗುಂಪುಗಳು ಕೇಳುವುದೇ ಇಲ್ಲ. ಒಂದು ಕಾರಣ ಎನ್‌ಕ್ರಿಪ್ಷನ್. ಮಾತನ್ನು ಗುಪ್ತಲಿಪಿಗೆ ಬದಲಿಸಿ ಕಳಿಸುತ್ತಾರೆ, ಕೀಲಿ ಇರುವ ರೇಡಿಯೊಗೆ ಮಾತ್ರ ಅದು ತೆರೆಯುತ್ತದೆ. ಯಾವ ಸ್ಕ್ಯಾನರ್ ಕೊಂಡರೂ ಅದನ್ನು ಕೇಳಲಾಗದು.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಪ್ರತಿ ವಾಕಿಟಾಕಿಯೂ ತಾನಿರುವ ಸೈಟಿನಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತದೆ. ಸೆಕ್ಯುರಿಟಿ ಗುಂಪಿನ ಒಂದು ರೇಡಿಯೊ ಕೂಡ ಪಾವಗಡದ ಸೈಟಿನಲ್ಲಿ ಇಲ್ಲದಿದ್ದರೆ ವ್ಯವಸ್ಥೆ ಆ ಮಾತನ್ನು ಪಾವಗಡಕ್ಕೆ ಕಳಿಸುವ ಗೋಜಿಗೇ ಹೋಗುವುದಿಲ್ಲ. ಕೇಳುವವರೇ ಇಲ್ಲದ ಕಡೆ ಫ್ರೀಕ್ವೆನ್ಸಿ ಯಾಕೆ ಹಾಳುಮಾಡಬೇಕು? ಸ್ಕ್ಯಾನರ್ ಸುಮ್ಮನೆ ಕೇಳುತ್ತದೆಯೇ ಹೊರತು ನೋಂದಾಯಿಸಿಕೊಳ್ಳುವುದಿಲ್ಲ. ಹಾಗಾಗಿ ಅದು ಅಲ್ಲಿದೆ ಎಂದು ವ್ಯವಸ್ಥೆಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು ಒಂದೇ ಮಾತನ್ನು ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕಳಿಸುವ ಪದ್ಧತಿ. ಎರಡು ಗೋಪುರಗಳ ಅಲೆ ಕೂದಲೆಳೆಯಷ್ಟು ಹಿಂದೆ ಮುಂದೆ ತಲುಪಿದರೆ ಡಿಜಿಟಲ್ ಮಾತು ಚೂರುಚೂರಾಗುತ್ತದೆ. ಸಿಗ್ನಲ್ ಕಡ್ಡಿಗಳು ಪೂರ್ತಿ, ಮಾತು ಮಾತ್ರ ಗೊಗ್ಗರು. ಈ ತೊಂದರೆಗೆಂದೇ ಯುನಿಡೆನ್ 2018ರಲ್ಲಿ ಎಸ್‌ಡಿಎಸ್100 ಎಂಬ ಬೇರೆ ಬಗೆಯ ರಿಸೀವರ್ ಇರುವ ಸ್ಕ್ಯಾನರ್ ತಂದಿತು.

ನಮ್ಮಲ್ಲಿ ಏನು ಕೇಳಬಹುದು?

ಇದನ್ನು ಓದಿ ಅಮೆರಿಕದಿಂದ ಬಂದ ಸ್ಕ್ಯಾನರ್ ಆನ್ ಮಾಡುವ ಮುಂಚೆ ಕಾನೂನು ತಿಳಿದಿರಲಿ. ಅಮೆರಿಕದ ಹೆಚ್ಚಿನ ಕಡೆ ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಪೊಲೀಸರ ಮುಕ್ತ ಮಾತು ಕೇಳುವುದು ಒಂದು ಹವ್ಯಾಸ. ಅಲ್ಲೂ ಎಲ್ಲ ಕೇಳುವಂತಿಲ್ಲ, ಮೊಬೈಲ್ ಫೋನಿನ ಪಟ್ಟಿಗಳನ್ನು 1994ರಿಂದ ಸ್ಕ್ಯಾನರ್‌ಗಳಲ್ಲಿ ಮುಚ್ಚಿಯೇ ಮಾರಬೇಕು.

ನಮ್ಮ ನಿಯಮ ಇನ್ನೂ ಬಿಗಿ. ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಎಂದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ಹೇಳಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ರೇಡಿಯೊ ಉಪಕರಣಕ್ಕೆ ಅನುಮತಿ ಇಲ್ಲವೇ ವಿನಾಯಿತಿ ಇರಬೇಕು. ಬೇರೆಯವರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪೊಲೀಸ್, ವಿಮಾನ ನಿಲ್ದಾಣ, ಕಾರ್ಖಾನೆ, ಯಾರದೇ ಆಗಲಿ, ನಮಗಲ್ಲದ ಮಾತಿನ ಮೇಲೆ ಸ್ಕ್ಯಾನರ್ ತಿರುಗಿಸಬಾರದು. ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳುವುದು ಬೇರೆ, ಕದ್ದು ಕೇಳುವುದು ಬೇರೆ.

ವಿನಾಯಿತಿ ಇರುವುದು ಎಲ್ಲಿ? 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪುಟ್ಟ ಪಟ್ಟಿಯಲ್ಲಿ, ಕಡಿಮೆ ಶಕ್ತಿಯ ವಾಕಿಟಾಕಿ ಬಳಸಲು ಲೈಸೆನ್ಸ್ ಬೇಡ. ಆದರೆ ಆ ಉಪಕರಣಕ್ಕೆ ಇಟಿಎ ಎಂಬ ಮಾದರಿ ಒಪ್ಪಿಗೆ ಇರಬೇಕು. ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಈ ಎರಡನ್ನೂ ನೋಡಿ. ಫ್ರೀಕ್ವೆನ್ಸಿ ಬರೆಯದೆ ಇರುವ ವಾಕಿಟಾಕಿಯನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ.

ಟಾಕ್‌ಗ್ರೂಪುಗಳನ್ನು ಕೈಯಾರೆ ಬಳಸಿ ನೋಡುವ ಆಸೆ ಇದ್ದರೆ ನೇರವಾದ ದಾರಿ ಹ್ಯಾಮ್ ರೇಡಿಯೊ. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಅದಕ್ಕೆ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ಹ್ಯಾಮ್‌ಗಳು ಗುಪ್ತ ಸಂಕೇತದಲ್ಲಿ ಮಾತಾಡುವಂತಿಲ್ಲ, ಅವರದೆಲ್ಲ ಮುಕ್ತ ಮಾತು. 144ರಿಂದ 146 ಮೆಗಾಹರ್ಟ್ಸ್ ಅವರ ಪಟ್ಟಿಗಳಲ್ಲಿ ಒಂದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ಶಾಲಾ ಮಕ್ಕಳ ಜೊತೆ ಮಾತಾಡುವುದೂ ಇದೇ ಪಟ್ಟಿಯ 145.800ರಲ್ಲಿ. ಹ್ಯಾಮ್‌ಗಳ ಡಿಎಂಆರ್ ಜಾಲವೂ ಇದೆ. ಬ್ರ್ಯಾಂಡ್‌ಮೈಸ್ಟರ್ ಎಂಬ ಜಾಲದಲ್ಲಿ ಭಾರತದ ಟಾಕ್‌ಗ್ರೂಪ್ ಸಂಖ್ಯೆ 404. ಆ ರೇಡಿಯೊಗೆ ಸೆಟ್ಟಿಂಗ್ ತುಂಬುವ ಫೈಲಿಗೆ ಕೋಡ್‌ಪ್ಲಗ್ ಎನ್ನುತ್ತಾರೆ. ರಿಪೀಟರಿನ ಫ್ರೀಕ್ವೆನ್ಸಿ, 0ರಿಂದ 15ರವರೆಗಿನ ಒಂದು ಕಲರ್ ಕೋಡ್ (ರಿಪೀಟರನ್ನು ಗುರುತಿಸುವ ಸಂಖ್ಯೆ), ಟೈಮ್ ಸ್ಲಾಟ್ ಒಂದೋ ಎರಡೋ, ಆಮೇಲೆ ಟಾಕ್‌ಗ್ರೂಪ್ 404. ಇಷ್ಟು ತುಂಬಿದರೆ ಅದು ಒಂದು ಚಾನೆಲ್.